ರೇಡ್ ಹಾಕಿದ ಮೇಲೆ ಬ್ಯಾಕಪ್ ಯಾಕೆ? ಪ್ರೆಸ್ ಮಾಲೀಕರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ಗದಗದಲ್ಲಿ ನಮ್ಮದೊಂದು ಸಣ್ಣ ಆಫ್‌ಸೆಟ್ ಪ್ರೆಸ್. ಐದು ಕಂಪ್ಯೂಟರ್ ಇವೆ: ಡಿಟಿಪಿಗೆ ಮೂರು, ಕೌಂಟರಿಗೆ ಒಂದು, ಲೆಕ್ಕದ ತಂತ್ರಾಂಶ ಟ್ಯಾಲಿಗೆ ಒಂದು. ಹನ್ನೆರಡು ವರ್ಷದ ಕೋರಲ್, ಫೋಟೊಶಾಪ್, ಪೇಜ್‌ಮೇಕರ್ ಫೈಲುಗಳು 1.8 ಟಿಬಿ ಆಗಿವೆ, ವರ್ಷಕ್ಕೆ 200 ಜಿಬಿಯಷ್ಟು ಕೂಡುತ್ತಿವೆ. ಈಗ ಒಂದು ಕಂಪ್ಯೂಟರಿನ ಡಿ ಡ್ರೈವ್ ಶೇರ್ ಮಾಡಿದ್ದೇವೆ, ನೆನಪಾದಾಗ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಕಾಪಿ ಹಾಕುತ್ತೇವೆ. ಪಕ್ಕದ ಓಣಿಯ ಪ್ರೆಸ್ಸಿಗೆ ಕಳೆದ ತಿಂಗಳು ವೈರಸ್ ಬಂದು ಎಲ್ಲ ಫೈಲೂ ಲಾಕ್ ಆಗಿ, ದುಡ್ಡು ಕೇಳುವ ಚೀಟಿ ಪರದೆ ಮೇಲೆ ಬಂತು. ಅದನ್ನು ನೋಡಿ ಭಯವಾಗಿದೆ. ನಮ್ಮ ಕಂಪ್ಯೂಟರ್ ಡೀಲರ್ ಎರಡು ಬೇ ನ್ಯಾಸ್ (ಎರಡು ಡಿಸ್ಕು ಹಾಕಿ, ನೆಟ್‌ವರ್ಕಿನಲ್ಲಿ ಎಲ್ಲ ಕಂಪ್ಯೂಟರಿಗೂ ಫೈಲು ಹಂಚುವ ಪೆಟ್ಟಿಗೆ), 4 ಟಿಬಿಯ ಎರಡು ಡಿಸ್ಕು, ರೇಡ್ 1 ಅಂತ ಕೊಟೇಶನ್ ಕೊಟ್ಟಿದ್ದಾರೆ. "ರೇಡ್ ಇದ್ದರೆ ಬ್ಯಾಕಪ್ ತಲೆನೋವೇ ಇಲ್ಲ. ರೂಟರಿನಲ್ಲಿ ಪೋರ್ಟ್ ಓಪನ್ ಮಾಡಿಕೊಡುತ್ತೇನೆ, ಮನೆಯಿಂದಲೂ ಫೈಲು ತೆಗೆಯಬಹುದು" ಅಂತಾರೆ. ಹಳೇ ಕಂಪ್ಯೂಟರನ್ನೇ ನ್ಯಾಸ್ ಮಾಡೋಣ ಅಂತಾನೆ ಮಗ. ಗೂಗಲ್ ಡ್ರೈವ್ ಸಾಕು ಅಂತಾರೆ ಅಕೌಂಟೆಂಟ್. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಬೆರೆತಿವೆ. ಡಿಸ್ಕು ಸುಟ್ಟುಹೋದರೆ ಏನು ಗತಿ ಅನ್ನುವುದು ಒಂದು. ಪಕ್ಕದವರಿಗೆ ಆದದ್ದು ನಮಗೂ ಆದರೆ ಅನ್ನುವುದು ಇನ್ನೊಂದು. ಡೀಲರ್ ಕೊಟ್ಟ ಕೊಟೇಶನ್ ಮೊದಲನೆಯದಕ್ಕೆ ಮಾತ್ರ ಉತ್ತರ. ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಎರಡನೆಯದು.

ರೇಡ್ 1 ಅಂದರೆ ಎರಡು ಡಿಸ್ಕಿಗೂ ಒಂದೇ ಸಲಕ್ಕೆ ಒಂದೇ ಮಾಹಿತಿ ಬರೆಯುವುದು. ಒಂದು ಕೆಟ್ಟರೆ ಇನ್ನೊಂದರ ಮೇಲೆ ಕೆಲಸ ನಿಲ್ಲದೆ ಸಾಗುತ್ತದೆ, ಕೆಟ್ಟದ್ದನ್ನು ಬದಲಿಸಿದರೆ ಮತ್ತೆ ಜೋಡಿಯಾಗುತ್ತದೆ. ಅಷ್ಟೇ ಅದರ ಕೆಲಸ. ಹುಡುಗರು ತಪ್ಪಿ ಫೋಲ್ಡರ್ ಅಳಿಸಿದರೆ ಅದೇ ಕ್ಷಣಕ್ಕೆ ಎರಡೂ ಡಿಸ್ಕಿನಲ್ಲಿ ಅಳಿಯುತ್ತದೆ. ಹಳೇ ಮದುವೆ ಕಾರ್ಡಿನ ಫೈಲಿನ ಮೇಲೆಯೇ ಹೊಸದನ್ನು ಸೇವ್ ಮಾಡಿದರೂ ಅಷ್ಟೇ. ರ್‍ಯಾನ್ಸಮ್‌ವೇರ್ ಎಂಬ ದುಡ್ಡು ಕೇಳುವ ವೈರಸ್ ಲಾಕ್ ಮಾಡಿದ ಫೈಲನ್ನೂ ರೇಡ್ ಅಷ್ಟೇ ನಿಷ್ಠೆಯಿಂದ ಎರಡು ಕಡೆ ಬರೆಯುತ್ತದೆ. ಗಾಡಿಯ ಸ್ಟೆಪ್ನಿ ಇದ್ದ ಹಾಗೆ ಇದು: ಪಂಕ್ಚರ್ ಆದರೆ ಉಪಯೋಗ, ಗಾಡಿಯೇ ಕಳುವಾದರೆ ಸ್ಟೆಪ್ನಿಯೂ ಅದರ ಜೊತೆಗೇ ಹೋಗುತ್ತದೆ. ಹಾಗಂತ ನ್ಯಾಸ್ ಬೇಡ ಅನ್ನುತ್ತಿಲ್ಲ. ಒಬ್ಬರ ಡಿ ಡ್ರೈವ್ ಶೇರ್ ಮಾಡಿಕೊಂಡು ಐದು ಜನ ಕೆಲಸ ಮಾಡುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ರೇಡ್ ಇದೆಯೆಂದು ಇನ್ನೊಂದು ಕಾಪಿ ಬಿಟ್ಟರೆ ಈಗಿರುವುದಕ್ಕಿಂತ ಕೆಟ್ಟ ಸ್ಥಿತಿಗೆ ಬರುತ್ತೀರಿ.

ಪಕ್ಕದ ಪ್ರೆಸ್ಸಿಗೆ ಅದು ಹೇಗೆ ಬಂದಿರಬಹುದು ಎಂದು ಅಲ್ಲಿಯ ಕಂಪ್ಯೂಟರ್ ನೋಡದೆ ಹೇಳಲಾಗದು. ಪ್ರೆಸ್ಸುಗಳಲ್ಲಿ ಸಾಮಾನ್ಯವಾಗಿ ದಾರಿಗಳು ನಾಲ್ಕು. ಗಿರಾಕಿಗಳು ದಿನವೂ ತಂದು ಚುಚ್ಚುವ ಪೆನ್‌ಡ್ರೈವ್, ಕೋರಲ್ ಅಥವಾ ಫೋಟೊಶಾಪಿನ ಕ್ರ್ಯಾಕ್ ಫೈಲು, ಜಿಎಸ್‌ಟಿ ನೋಟಿಸ್ ಎಂಬ ಹೆಸರಿನಲ್ಲಿ ಬರುವ ಇಮೇಲ್ ಅಟ್ಯಾಚ್‌ಮೆಂಟ್, ಮತ್ತು ಮನೆಯಿಂದ ಟ್ಯಾಲಿ ನೋಡಲೆಂದು ತೆರೆದಿಟ್ಟ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್. ಒಳಗೆ ಬಂದ ಪ್ರೋಗ್ರಾಂ ಆ ಕಂಪ್ಯೂಟರಿನಿಂದ ಎಲ್ಲೆಲ್ಲಿ ಬರೆಯಲು ಅನುಮತಿ ಇದೆಯೋ ಅಲ್ಲೆಲ್ಲ ಕೈ ಹಾಕುತ್ತದೆ. ಝಡ್ ಡ್ರೈವ್ ಎಂದು ಮ್ಯಾಪ್ ಮಾಡಿಟ್ಟ ನ್ಯಾಸ್ ಫೋಲ್ಡರ್ ಅದಕ್ಕೆ ಇನ್ನೊಂದು ಡ್ರೈವ್ ಮಾತ್ರ. ಕೌಂಟರಿನ ಕಂಪ್ಯೂಟರಿಗೆ ಹನ್ನೆರಡು ವರ್ಷದ ಫೈಲುಗಳ ಮೇಲೂ ಬರೆಯುವ ಹಕ್ಕು ಕೊಟ್ಟಿದ್ದರೆ, ಕೌಂಟರಿಗೆ ಬಂದ ಒಂದು ಪೆನ್‌ಡ್ರೈವ್ ಸಾಕು.

ಆದ್ದರಿಂದ ಪೆಟ್ಟಿಗೆ ಯಾವ ಕಂಪನಿಯದು ಅನ್ನುವುದಕ್ಕಿಂತ ಅದರೊಳಗಿನ ಫೋಲ್ಡರ್ ಹೇಗೆ ಹಂಚುತ್ತೀರಿ ಅನ್ನುವುದೇ ಮುಖ್ಯ. ಮೂರು ಭಾಗ ಮಾಡಿ. "ಚಾಲ್ತಿ" ಎಂಬ ಫೋಲ್ಡರಿನಲ್ಲಿ ಈ ಮೂರು ನಾಲ್ಕು ತಿಂಗಳ ಕೆಲಸ. ಡಿಟಿಪಿಯವರಿಗೆ ಓದುವ, ಬರೆಯುವ ಹಕ್ಕು. "ಮುಗಿದದ್ದು" ಫೋಲ್ಡರಿನಲ್ಲಿ ಹಳೆಯದೆಲ್ಲ. ಎಲ್ಲರಿಗೂ ಓದುವ ಹಕ್ಕು ಮಾತ್ರ. ಹಳೇ ಕಾರ್ಡು ಮರುಮುದ್ರಣಕ್ಕೆ ಬಂದರೆ ಅಲ್ಲಿಂದ ಚಾಲ್ತಿಗೆ ಕಾಪಿ ಮಾಡಿಕೊಳ್ಳಲಿ. ತಿಂಗಳಿಗೊಮ್ಮೆ ಮುಗಿದ ಕೆಲಸವನ್ನು ಅಲ್ಲಿಗೆ ಸರಿಸುವ ಹಕ್ಕು ಒಂದೇ ಖಾತೆಗೆ ಇರಲಿ. ಆ ಖಾತೆಯಲ್ಲಿ ದಿನನಿತ್ಯ ಯಾರೂ ಲಾಗಿನ್ ಆಗಬಾರದು. ಮೂರನೆಯದು ಟ್ಯಾಲಿ ಬ್ಯಾಕಪ್ ಫೋಲ್ಡರ್, ಅದು ಟ್ಯಾಲಿ ಕಂಪ್ಯೂಟರ್ ಬಿಟ್ಟು ಬೇರೆ ಯಾರಿಗೂ ಕಾಣುವುದೇ ಬೇಡ. ಪೆಟ್ಟಿಗೆಯ ಜೊತೆ ಬರುವ "ಅಡ್ಮಿನ್" ಹೆಸರಿನ ಖಾತೆ ನಿಲ್ಲಿಸಿ, ಬೇರೆ ಹೆಸರಿನ ಆಡಳಿತ ಖಾತೆ ಮಾಡಿ ಎರಡು ಹಂತದ ಲಾಗಿನ್ ಹಾಕಿ. ಅದರ ಪಾಸ್‌ವರ್ಡನ್ನು ಯಾವ ಡಿಟಿಪಿ ಕಂಪ್ಯೂಟರಿನ ಕ್ರೋಮ್‌ನಲ್ಲೂ ಸೇವ್ ಮಾಡಬೇಡಿ. ಕಳ್ಳ ಪ್ರೋಗ್ರಾಂಗಳು ಮೊದಲು ಕೈ ಹಾಕುವ ಜಾಗಗಳಲ್ಲಿ ಬ್ರೌಸರಿನಲ್ಲಿ ಉಳಿದ ಪಾಸ್‌ವರ್ಡೂ ಒಂದು.

ಇದರ ಮೇಲೆ ಸ್ನ್ಯಾಪ್‌ಶಾಟ್. ನ್ಯಾಸ್ ಕೊಳ್ಳಲು ನನ್ನ ಮಟ್ಟಿಗೆ ಅತಿ ದೊಡ್ಡ ಕಾರಣ ಇದೇ. ಬಿಟಿಆರ್‌ಎಫ್‌ಎಸ್ ಅಥವಾ ಝಡ್‌ಎಫ್‌ಎಸ್ ಕಡತ ವ್ಯವಸ್ಥೆ ಇರುವ ಪೆಟ್ಟಿಗೆಗಳು ಆ ಹೊತ್ತಿನ ಫೋಲ್ಡರ್ ಹೇಗಿತ್ತೋ ಹಾಗೇ ಗುರುತು ಹಾಕಿಡುತ್ತವೆ. ಆಮೇಲೆ ಬದಲಾದ ಭಾಗಕ್ಕೆ ಮಾತ್ರ ಹೊಸ ಜಾಗ ತಗಲುತ್ತದೆ. ವಿಂಡೋಸ್ ಕಂಪ್ಯೂಟರಿನಿಂದ ಬಂದ ವೈರಸ್ ಫೈಲನ್ನು ಕೆಡಿಸಬಲ್ಲದು, ಸ್ನ್ಯಾಪ್‌ಶಾಟನ್ನು ಮುಟ್ಟಲಾರದು. ಚಾಲ್ತಿ ಫೋಲ್ಡರಿಗೆ ಕೆಲಸದ ವೇಳೆಯಲ್ಲಿ ಗಂಟೆಗೊಂದು, ಎರಡು ದಿನ ಉಳಿಯುವಂತೆ. ದಿನಕ್ಕೊಂದು, ತಿಂಗಳು ಉಳಿಯುವಂತೆ. ವಾರಕ್ಕೊಂದು, ಮೂರು ತಿಂಗಳು ಉಳಿಯುವಂತೆ ಇಡಿ. ಆಡಳಿತ ಪಾಸ್‌ವರ್ಡ್ ಕದ್ದವರು ಸ್ನ್ಯಾಪ್‌ಶಾಟನ್ನೂ ಅಳಿಸಬಲ್ಲರು. ಅದಕ್ಕೇ ಅವಧಿ ಮುಗಿಯುವವರೆಗೆ ಮಾಲೀಕರೂ ಅಳಿಸಲಾಗದ ಬಗೆಯ ಸ್ನ್ಯಾಪ್‌ಶಾಟ್ ಈಗ ಬಂದಿದೆ. ಸಿನಾಲಜಿ ಕಂಪನಿಯ ಪೆಟ್ಟಿಗೆಗಳಲ್ಲಿ, ಅವುಗಳ ತಂತ್ರಾಂಶವಾದ ಡಿಎಸ್‌ಎಂ 7.2ರಿಂದ, ಕೆಲವು ಮಾದರಿಗಳಲ್ಲಿ ಮಾತ್ರ ಸಿಗುತ್ತದೆ. ತೀರಾ ಅಗ್ಗದ ಮಾದರಿಗಳಲ್ಲಿ ಸ್ನ್ಯಾಪ್‌ಶಾಟೇ ಇರುವುದಿಲ್ಲ. ಕೊಟೇಶನ್ನಿನಲ್ಲಿ ಬರೆದಿರುವ ಮಾದರಿಗೆ ಇದು ಇದೆಯೇ ಎಂದು ಮೊದಲು ಕೇಳಿ. ಇಲ್ಲ ಅಂದರೆ ಆ ಪೆಟ್ಟಿಗೆ ಬೇಡ.

ಡಿಸ್ಕಿನ ಅಳತೆಗೂ ಸ್ನ್ಯಾಪ್‌ಶಾಟಿಗೂ ಸಂಬಂಧವಿದೆ. 4 ಟಿಬಿ ಡಿಸ್ಕು ತೆರೆಯ ಮೇಲೆ 3.6 ಎಂದು ತೋರಿಸುತ್ತದೆ. ಯಾವ ವಾಲ್ಯೂಮನ್ನೂ ಶೇಕಡ 80ಕ್ಕಿಂತ ಹೆಚ್ಚು ತುಂಬಿಸುವುದು ಒಳ್ಳೆಯದಲ್ಲ, ಅಂದರೆ ಬಳಕೆಗೆ 2.9. ನಿಮ್ಮದು ಈಗ 1.8, ಐದು ವರ್ಷಕ್ಕೆ ಇನ್ನೊಂದು ಟಿಬಿ, ಅಲ್ಲಿಗೆ 2.8. ಸ್ನ್ಯಾಪ್‌ಶಾಟಿಗೆ, ಕಂಪ್ಯೂಟರುಗಳ ಇಮೇಜ್ ಬ್ಯಾಕಪ್ಪಿಗೆ (ವಿಂಡೋಸ್ ಸಮೇತ ಇಡೀ ಡಿಸ್ಕಿನ ಪ್ರತಿಗೆ) ಜಾಗವೇ ಇಲ್ಲ. ಇನ್ನೊಂದು ಸಂಗತಿ ಡೀಲರುಗಳು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ: ವೈರಸ್ 1.8 ಟಿಬಿ ಫೈಲನ್ನೂ ಲಾಕ್ ಮಾಡಿ ಮತ್ತೆ ಬರೆದರೆ, ಸ್ನ್ಯಾಪ್‌ಶಾಟಿನಲ್ಲಿ ಹಿಡಿದಿಟ್ಟ ಹಳೇ 1.8ರ ಪಕ್ಕದಲ್ಲಿ ಹೊಸ 1.8 ಕೂತುಕೊಳ್ಳುತ್ತದೆ. 3.6ರ ವಾಲ್ಯೂಮ್ ಅಲ್ಲಿಗೆ ಭರ್ತಿ. ಜಾಗ ಸಾಲದಾದಾಗ ಕೆಲವು ವ್ಯವಸ್ಥೆಗಳು ಹಳೇ ಸ್ನ್ಯಾಪ್‌ಶಾಟನ್ನು ತಾವೇ ಅಳಿಸುತ್ತವೆ. ಮುಗಿದ ಕೆಲಸವನ್ನು ಓದಲು ಮಾತ್ರ ಬಿಡಿ ಎಂದದ್ದು ಈ ಕಾರಣಕ್ಕೂ ಹೌದು. 8 ಟಿಬಿಯ ಎರಡು ಡಿಸ್ಕು ತೆಗೆದುಕೊಳ್ಳಿ. ನಾಲ್ಕು ಬೇ, ರೇಡ್ 5 ಎಲ್ಲ ನಿಮ್ಮ ಅಳತೆಗೆ ಅನಗತ್ಯ ಖರ್ಚು.

ಡಿಸ್ಕು ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರು ಪೂರ್ತಿ ಓದಿ. ಸಿಸಿಟಿವಿ ವ್ಯಾಪಾರವನ್ನೂ ಮಾಡುವ ಅಂಗಡಿಯವರು ಕೈಗೆ ಸಿಕ್ಕಿದ ಪರ್ಪಲ್ ಅಥವಾ ಸ್ಕೈಹಾಕ್ ಎಂಬ ಡಿಸ್ಕು ಹಾಕಿಬಿಡುವುದುಂಟು. ಅವು ಕ್ಯಾಮೆರಾದ ದೃಶ್ಯವನ್ನು ಒಂದೇ ಸಮನೆ ಬರೆದುಕೊಳ್ಳಲು ಮಾಡಿದವು. ಡೆಸ್ಕ್‌ಟಾಪಿನ 4 ಮತ್ತು 8 ಟಿಬಿ ಬಾರಾಕುಡಾದಲ್ಲಿ ಎಸ್‌ಎಂಆರ್ ಎಂಬ ತಂತ್ರವಿದೆ: ಟ್ರ್ಯಾಕುಗಳು ಒಂದರ ಮೇಲೊಂದು ಹೆಂಚಿನಂತೆ ಹೊದ್ದಿರುತ್ತವೆ, ಒಂದನ್ನು ತಿದ್ದಲು ಅಕ್ಕಪಕ್ಕದ್ದನ್ನೂ ಮತ್ತೆ ಬರೆಯಬೇಕು. ರೇಡ್ ಮತ್ತೆ ಕಟ್ಟುವಾಗ ಇದು ಭಾರಿ ನಿಧಾನವಾಗಿ, ಕೆಲವೊಮ್ಮೆ ಡಿಸ್ಕು ಸತ್ತಿದೆ ಎಂದೇ ನ್ಯಾಸ್ ಹೊರಗೆ ಹಾಕುತ್ತದೆ. ನ್ಯಾಸಿಗೆಂದೇ ಮಾರುವ ಡಬ್ಲ್ಯೂಡಿ ರೆಡ್‌ನ 2ರಿಂದ 6 ಟಿಬಿ ಡಿಸ್ಕುಗಳಲ್ಲೂ ಇದೇ ತಂತ್ರವಿದೆ ಎಂಬುದು 2020ರಲ್ಲಿ ಬಯಲಾಗಿ ದೊಡ್ಡ ಗದ್ದಲವಾಯಿತು. ಆಮೇಲೆ ಬೇರೆ ಮಾಡಿದ ಹೆಸರೇ ರೆಡ್ ಪ್ಲಸ್. ರೆಡ್ ಪ್ಲಸ್ ಅಥವಾ ಐರನ್‌ವುಲ್ಫ್ ತೆಗೆದುಕೊಳ್ಳಿ. ಸೀರಿಯಲ್ ನಂಬರ್ ಒಂದರ ಹಿಂದೊಂದು ಇರುವ ಜೋಡಿ ಬೇಡ. ಒಂದೇ ದಿನ ತಯಾರಾಗಿ ಒಂದೇ ಡಬ್ಬದಲ್ಲಿ ಬಂದವು ಒಂದೇ ಕಾಲಕ್ಕೆ ಕೈಕೊಡುವ ಸಂಭವ ಹೆಚ್ಚು. ಸಾಧ್ಯವಾದರೆ ಎರಡು ಅಂಗಡಿಯಿಂದ ತರಿಸಿ. ಪೆಟ್ಟಿಗೆಗೆ ಯಾವ ಡಿಸ್ಕು ಒಪ್ಪುತ್ತದೆ ಎಂಬ ಕಂಪನಿಯ ಪಟ್ಟಿಯನ್ನೂ ನೋಡಿ. 2025ರ ಪ್ಲಸ್ ಮಾದರಿಗಳಲ್ಲಿ ಬೇರೆ ಕಂಪನಿಯ ಡಿಸ್ಕಿಗೆ ಸಿನಾಲಜಿ ಕಡಿವಾಣ ಹಾಕಿ, ಅದೇ ವರ್ಷ ಡಿಎಸ್‌ಎಂ 7.3ರಲ್ಲಿ ಸಡಿಲಿಸಿತು.

ಡಿಸ್ಕು ಹಾಕುವ ಮೊದಲು ಪ್ರತಿಯೊಂದರ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದ ಚೀಟಿಯನ್ನು ಟ್ರೇ ಮುಂಭಾಗಕ್ಕೆ ಅಂಟಿಸಿ. ಒಂದು ಡಿಸ್ಕು ಕೆಟ್ಟಾಗ ಅವಸರದಲ್ಲಿ ಸರಿಯಿರುವುದನ್ನೇ ಎಳೆದು, ಎರಡನ್ನೂ ಕಳೆದುಕೊಳ್ಳುವುದು ಈ ಕಸುಬಿನಲ್ಲಿ ತೀರಾ ಸಾಮಾನ್ಯ. ಪರದೆಯಲ್ಲಿ ತೋರುವ ಸೀರಿಯಲ್ ಮತ್ತು ಚೀಟಿ ತಾಳೆಯಾದರೆ ಮಾತ್ರ ಕೈ ಹಾಕಿ. ಇಮೇಲ್ ಎಚ್ಚರಿಕೆಯನ್ನು ಮೊದಲ ದಿನವೇ ಹಾಕಿಸಿ, ಪರೀಕ್ಷಾ ಮೇಲ್ ನಿಮ್ಮ ಮೊಬೈಲಿಗೆ ಬಂದದ್ದನ್ನು ನೋಡಿ. ಇಲ್ಲದಿದ್ದರೆ ಆಗುವುದು ಹೀಗೆ: ಒಂದು ಡಿಸ್ಕು ಹೋದಾಗ ಪೆಟ್ಟಿಗೆ ಬೀಪ್ ಅನ್ನುತ್ತದೆ, ಕಿರಿಕಿರಿಯಾಗಿ ಯಾರೋ ಬೀಪ್ ನಿಲ್ಲಿಸುತ್ತಾರೆ, ಪೇಪರ್ ರೀಮಿನ ಹಿಂದೆ ಕಿತ್ತಳೆ ದೀಪ ತಿಂಗಳುಗಟ್ಟಲೆ ಉರಿಯುತ್ತಿರುತ್ತದೆ. ಎರಡನೇ ಡಿಸ್ಕು ಹೋದ ದಿನ "ರೇಡ್ ಇತ್ತಲ್ಲ!" ಎಂಬ ಮಾತು.

ಪೋರ್ಟ್ ತೆರೆಯುವ, ಅಂದರೆ ಇಂಟರ್ನೆಟ್ಟಿನಿಂದ ನ್ಯಾಸಿಗೆ ನೇರ ದಾರಿ ಬಿಡುವ ವಿಚಾರಕ್ಕೆ ನನ್ನ ಉತ್ತರ ಒಂದೇ: ಬೇಡ. ಇದು ಅತಿಯಾದ ಎಚ್ಚರಿಕೆ ಅಲ್ಲ. 2014ರಲ್ಲಿ ಸಿನೊಲಾಕರ್ ಎಂಬ ವೈರಸ್ ಹಳೇ ತಂತ್ರಾಂಶವಿದ್ದ ಸಿನಾಲಜಿ ಪೆಟ್ಟಿಗೆಗಳನ್ನು ಲಾಕ್ ಮಾಡಿತು. 2021ರ ಏಪ್ರಿಲಿನಲ್ಲಿ ಕ್ಯೂಲಾಕರ್ ಬಂದು ಕ್ಯೂನ್ಯಾಪ್ ಎಂಬ ಇನ್ನೊಂದು ಕಂಪನಿಯ ಪೆಟ್ಟಿಗೆಗಳೊಳಗಿನ ಫೈಲುಗಳನ್ನು ಪಾಸ್‌ವರ್ಡ್ ಹಾಕಿದ ಸೆವೆನ್‌ಝಿಪ್ ಕಟ್ಟುಗಳಾಗಿ ಮಾಡಿ 0.01 ಬಿಟ್‌ಕಾಯಿನ್ ಕೇಳಿತು. ಅದು ನುಸುಳಿದ ತೂತುಗಳಲ್ಲಿ ಒಂದು ಇದ್ದದ್ದು ಬ್ಯಾಕಪ್ ಮಾಡುವ ಆ್ಯಪಿನಲ್ಲೇ! 2022ರ ಜನವರಿಯಲ್ಲಿ ಡೆಡ್‌ಬೋಲ್ಟ್. ಇವೆಲ್ಲ ಯಾವ ಪೆನ್‌ಡ್ರೈವಿನಿಂದಲೂ ಬಂದವಲ್ಲ, ಇಂಟರ್ನೆಟ್ಟಿಗೆ ಮುಖ ತೆರೆದಿದ್ದ ಪೆಟ್ಟಿಗೆಗಳನ್ನು ಹುಡುಕಿಕೊಂಡು ಬಂದವು. ಮನೆಯಿಂದ ಫೈಲು ಬೇಕಾದರೆ ಟೇಲ್‌ಸ್ಕೇಲ್‌ನಂಥ ವಿಪಿಎನ್ (ನಿಮ್ಮ ಸಾಧನಗಳ ನಡುವೆ ಮಾತ್ರ ಇರುವ ಗುಪ್ತ ದಾರಿ) ಹಾಕಿಕೊಳ್ಳಿ. ಸ್ಥಿರ ಐಪಿಗೆಂದು ತಿಂಗಳ ಬಾಡಿಗೆಯೂ ಬೇಡ. ರೂಟರಿನಲ್ಲಿ ಯುಪಿಎನ್‌ಪಿ ಎಂಬ ಆಯ್ಕೆಯನ್ನು ಆಫ್ ಮಾಡಿ, ಇಲ್ಲದಿದ್ದರೆ ಪೆಟ್ಟಿಗೆಯೇ ನಿಮಗೆ ಗೊತ್ತಿಲ್ಲದೆ ಪೋರ್ಟ್ ತೆರೆದುಕೊಳ್ಳಬಹುದು.

ಈಗ ನಿಜವಾದ ಬ್ಯಾಕಪ್ಪಿಗೆ ಬರೋಣ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಕಟ್ಟಡದ ಹೊರಗೆ ಅನ್ನುವುದು ಹಳೇ ಸೂತ್ರ. ನಿಮ್ಮ ಮಟ್ಟಿಗೆ ಅದರ ಅರ್ಥ ಇಷ್ಟು: 4 ಟಿಬಿಯ ಎರಡು ಯುಎಸ್‌ಬಿ ಡಿಸ್ಕು. ಅ ಮತ್ತು ಆ ಎಂದು ಬರೆದಿಡಿ. ಶನಿವಾರ ಸಂಜೆ ಅ ಡಿಸ್ಕನ್ನು ನ್ಯಾಸಿಗೆ ಚುಚ್ಚಿ ಬ್ಯಾಕಪ್ ಓಡಿಸಿ. ಮೊದಲ ಸಲ ಒಂದು ರಾತ್ರಿ ಪೂರ್ತಿ ಬೇಕು, ಆಮೇಲೆ ಬದಲಾದದ್ದು ಮಾತ್ರ ಹೋಗುತ್ತದೆ. ಮುಗಿದ ಮೇಲೆ ಇಜೆಕ್ಟ್ ಮಾಡಿ ಮನೆಗೆ ಒಯ್ಯಿರಿ. ಮುಂದಿನ ಶನಿವಾರ "ಆ" ಡಿಸ್ಕಿನ ಸರದಿ. ಯಾವಾಗಲೂ ಒಂದು ಡಿಸ್ಕು ಮನೆಯಲ್ಲಿರಬೇಕು, ಎರಡೂ ಒಟ್ಟಿಗೆ ಪ್ರೆಸ್ಸಿನಲ್ಲಿ ಇರಬಾರದು. ಸದಾ ಚುಚ್ಚಿಯೇ ಇಟ್ಟ ಡಿಸ್ಕು ಬ್ಯಾಕಪ್ ಅಲ್ಲ. ನ್ಯಾಸಿಗೆ ಬಂದ ವೈರಸ್ಸಿಗೂ ಸಿಡಿಲಿಗೂ ಅದೂ ಬಲಿ. ಬರೀ ಕಾಪಿ ಬೇಡ, ಹಳೇ ಆವೃತ್ತಿಗಳನ್ನೂ ಉಳಿಸುವ ಆ್ಯಪ್ ಬಳಸಿ: ಸಿನಾಲಜಿಯಲ್ಲಿ ಹೈಪರ್ ಬ್ಯಾಕಪ್, ಕ್ಯೂನ್ಯಾಪ್‌ನಲ್ಲಿ ಎಚ್‌ಬಿಎಸ್. ಎನ್‌ಕ್ರಿಪ್ಷನ್ ಹಾಕಿದರೆ ಆ ಕೀಲಿಯನ್ನು ಪ್ರಿಂಟ್ ತೆಗೆದು ಮನೆಯ ಬೀರುವಿನಲ್ಲಿಡಿ. ಕೀಲಿ ನ್ಯಾಸಿನೊಳಗೇ ಇದ್ದರೆ ನ್ಯಾಸ್ ಹೋದ ದಿನ ಡಿಸ್ಕು ಇದ್ದೂ ಇಲ್ಲದಂತೆ. ಇಂಥ ಬ್ಯಾಕಪ್ ವಿಂಡೋಸಿನಲ್ಲಿ ನೇರವಾಗಿ ತೆರೆಯುವುದಿಲ್ಲ, ಕಂಪನಿಯ ಓದುವ ತಂತ್ರಾಂಶ ಬೇಕು. ಅದನ್ನು ಈಗಲೇ ಇಳಿಸಿಕೊಂಡಿರಿ.

ಗೂಗಲ್ ಡ್ರೈವ್ ಬಗ್ಗೆ ಅಕೌಂಟೆಂಟ್ ಹೇಳಿದ್ದು ಅರ್ಧ ಸರಿ. ಕಂಪ್ಯೂಟರಿನ ಫೋಲ್ಡರ್ ಜೊತೆ ಸಿಂಕ್ ಆಗುವ ಕ್ಲೌಡ್ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ 30 ದಿನ ಉಳಿಯುತ್ತದೆ ಅಷ್ಟೇ. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಅಂದರೆ 1.8 ಟಿಬಿ ಏರಿಸಲು ಒಂದು ನಿಮಿಷ ಬಿಡದೆ ಎಂಟು ದಿನಕ್ಕಿಂತ ಹೆಚ್ಚು ಬೇಕು. ಎಲ್ಲವನ್ನೂ ಕ್ಲೌಡಿಗೆ ಹಾಕುವ ಹಟ ಬಿಡಿ. ಟ್ಯಾಲಿ, ಚಾಲ್ತಿ ಕೆಲಸ, ಫಾಂಟು ಇವಿಷ್ಟನ್ನು ನ್ಯಾಸಿನ ಬ್ಯಾಕಪ್ ಆ್ಯಪ್ ಮೂಲಕ ರಾತ್ರಿ ಕಳಿಸಿ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇಲ್ಲೊಂದು ಕಾನೂನು ಇದೆ: 2022ರ ತಿದ್ದುಪಡಿಯ ಪ್ರಕಾರ ಕಂಪನಿಗಳು ಕಂಪ್ಯೂಟರಿನಲ್ಲಿಟ್ಟ ಲೆಕ್ಕಪತ್ರಗಳ ಬ್ಯಾಕಪ್ಪನ್ನು ಭಾರತದಲ್ಲೇ ಇರುವ ಸರ್ವರಿನಲ್ಲಿ ದಿನವೂ ಇಡಬೇಕು. ಕ್ಲೌಡ್ ಆರಿಸುವಾಗ ಮುಂಬೈ ಅಥವಾ ಹೈದರಾಬಾದ್ ಕೇಂದ್ರ ಹಿಡಿಯಿರಿ. ಒಬ್ಬರ ಮಾಲೀಕತ್ವದ ಪ್ರೆಸ್ಸಿಗೆ ಈ ನಿಯಮವಿಲ್ಲ. ಆದರೆ ಜಿಎಸ್‌ಟಿ ಲೆಕ್ಕ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಉಳಿಸಲೇಬೇಕು.

ಟ್ಯಾಲಿಯ ಚಾಲ್ತಿ ಡೇಟಾವನ್ನು ನ್ಯಾಸಿಗೆ ಸರಿಸಬೇಡಿ. ವೋಚರ್ ಸೇವ್ ಆಗುವ ಗಳಿಗೆಯಲ್ಲಿ ಕೇಬಲ್ ಅಲುಗಿದರೆ ಡೇಟಾ ಕೆಟ್ಟು ರಿಪೇರ್ ಕೊಡುತ್ತ ಕೂರಬೇಕಾಗುತ್ತದೆ. ಈಗಿರುವ ಕಂಪ್ಯೂಟರಿನ ಎಸ್‌ಎಸ್‌ಡಿಯಲ್ಲೇ ಇರಲಿ. ಸಂಜೆ ಆಲ್ಟ್ ಮತ್ತು ವೈ ಒತ್ತಿ ಬ್ಯಾಕಪ್ ಆರಿಸಿ ನ್ಯಾಸಿನ ಫೋಲ್ಡರಿಗೆ ಹಾಕಲಿ, ದಿನಕ್ಕೊಂದು ತಾರೀಖಿನ ಫೋಲ್ಡರ್ ಇರಲಿ.

ಕನ್ನಡದ ಪ್ರೆಸ್ಸಿಗೇ ಸೇರಿದ ಒಂದು ಮಾತಿದೆ. ಫೈಲು ಮಾತ್ರ ಉಳಿಸಿದರೆ ಏನೂ ಉಳಿದಂತಲ್ಲ. ನಿಮ್ಮ ಹಳೇ ಕೆಲಸವೆಲ್ಲ ಯುನಿಕೋಡ್ ಅಲ್ಲದ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಇರಬೇಕು. ಹೊಸ ಕಂಪ್ಯೂಟರಿನಲ್ಲಿ "ನುಡಿ 01 ಇ" ಇಲ್ಲದಿದ್ದರೆ ಕಾರ್ಡಿನ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಪೇಜ್‌ಮೇಕರಿಗೆ 7ರ ನಂತರ ಹೊಸ ಆವೃತ್ತಿಯೇ ಬಂದಿಲ್ಲ. ಆದ್ದರಿಂದ ಫಾಂಟುಗಳು, ಆ ಕಾಲದ ಇನ್‌ಸ್ಟಾಲರ್, ಸೀರಿಯಲ್ ಕೀ ಎಲ್ಲ ಒಂದು ಫೋಲ್ಡರಿನಲ್ಲಿ ನ್ಯಾಸಿನಲ್ಲೂ ಎರಡೂ ಯುಎಸ್‌ಬಿ ಡಿಸ್ಕಿನಲ್ಲೂ ಇರಲಿ. ಶ್ರೀಲಿಪಿಯ ಡಾಂಗಲ್ (ತಂತ್ರಾಂಶ ಓಡಲು ಕಂಪ್ಯೂಟರಿಗೆ ಚುಚ್ಚಬೇಕಾದ ಕೀಲಿ) ಇದ್ದರೆ ಅದನ್ನು ಕಾಪಿ ಮಾಡಲಾಗದು, ಡ್ರಾಯರಿಗೆ ಬೀಗ ಹಾಕಿ. ಮುಖ್ಯ ಗಿರಾಕಿಗಳ ಲೆಟರ್‌ಹೆಡ್, ರಸೀದಿ ಪುಸ್ತಕದಂಥ ಮತ್ತೆ ಮತ್ತೆ ಬರುವ ಕೆಲಸಕ್ಕೆ ಅಕ್ಷರಗಳನ್ನು ಕರ್ವ್ ಮಾಡಿದ (ಫಾಂಟ್ ಇಲ್ಲದೆಯೂ ಕಾಣುವಂತೆ ಚಿತ್ರವಾಗಿಸಿದ) ಪಿಡಿಎಫ್ ಕೂಡ ಇಡಿ. ಅಂದಹಾಗೆ ಕೋರಲ್ ಅದೇ ಫೋಲ್ಡರಿನಲ್ಲಿ "ಬ್ಯಾಕಪ್ ಆಫ್" ಎಂದು ಹುಟ್ಟಿಸುವ ಫೈಲನ್ನು ನಂಬಿ ಕೂರಬೇಡಿ. ಮೂಲ ಫೈಲಿನ ಪಕ್ಕದಲ್ಲೇ ಇರುವುದು ಮೂಲದ ಜೊತೆಗೇ ಹೋಗುತ್ತದೆ.

ಪೆಟ್ಟಿಗೆ ಇಡುವ ಜಾಗವನ್ನೂ ನೋಡಿ. ಆಫ್‌ಸೆಟ್ ಮಷಿನ್ ಪಕ್ಕ ಇಟ್ಟರೆ ಸ್ಪ್ರೇ ಪೌಡರ್ ಫ್ಯಾನಿನೊಳಗೆ ಸೇರಿ ಗಟ್ಟಿಯಾಗುತ್ತದೆ, ಡಿಸ್ಕು ಕಾಯುತ್ತದೆ. ಡಿಟಿಪಿ ಕೋಣೆಯಲ್ಲಿ ಗಾಳಿಯಾಡುವ ಕಡೆ ಇಡಿ, ಬೇಸಿಗೆಯಲ್ಲೂ ಡಿಸ್ಕಿನ ಉಷ್ಣತೆ 45 ಡಿಗ್ರಿ ದಾಟದಿರಲಿ. ಮಷಿನ್ ಮೋಟಾರ್ ಶುರುವಾದಾಗ ವೋಲ್ಟೇಜ್ ಕುಸಿಯುವ ಲೈನಿನಲ್ಲಿ ಇದನ್ನು ಹಾಕಬೇಡಿ. ಇನ್ವರ್ಟರ್ ಇದೆಯಲ್ಲ ಅನ್ನಬೇಡಿ. ಕರೆಂಟ್ ಹೋದಾಗ ಅದು ಬದಲಾಗುವಷ್ಟರಲ್ಲಿ ಪೆಟ್ಟಿಗೆ ರೀಸ್ಟಾರ್ಟ್ ಆಗಬಹುದು. ಬ್ಯಾಟರಿ ಖಾಲಿಯಾಗುತ್ತಿದೆ ಎಂದು ನ್ಯಾಸಿಗೆ ತಿಳಿಸುವ ದಾರಿಯೂ ಅದಕ್ಕಿಲ್ಲ. ಯುಎಸ್‌ಬಿ ಕೇಬಲ್ ಇರುವ 600 ವಿಎ ಲೈನ್ ಇಂಟರ್‌ಆ್ಯಕ್ಟಿವ್ ಯುಪಿಎಸ್ ತನ್ನಿ, ಬೆಲೆ ಒಂದು ಡಿಸ್ಕಿಗಿಂತ ಕಡಿಮೆ. ಆ ಕೇಬಲನ್ನು ನ್ಯಾಸಿಗೆ ಹಾಕಿ, ಕರೆಂಟ್ ಹೋಗಿ ಐದು ನಿಮಿಷಕ್ಕೆ ತಾನೇ ಶಟ್‌ಡೌನ್ ಆಗುವಂತೆ ಮಾಡಿ. ಪ್ಲಗ್ ಕಿತ್ತು ಒಮ್ಮೆ ಪರೀಕ್ಷಿಸಿ. ಬ್ಯಾಟರಿ ಎರಡು ಮೂರು ವರ್ಷಕ್ಕೆ ಬದಲಿಸಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅಡ್ಡಮಳೆಯ ಸಿಡಿಲಿಗೆ ಇದ್ಯಾವುದೂ ತಡೆಯಲ್ಲ.

ಸ್ವಿಚ್ ಗಿಗಾಬಿಟ್ಟಿನದೇ ಇರಲಿ. ಹಳೇ 100 ಎಂಬಿಪಿಎಸ್ ಸ್ವಿಚ್ಚಿನಲ್ಲಿ 600 ಎಂಬಿ ಫೋಟೊಶಾಪ್ ಫೈಲು ತೆರೆಯಲು ಹೆಚ್ಚುಕಡಿಮೆ ಒಂದು ನಿಮಿಷ, ಗಿಗಾಬಿಟ್ಟಿನಲ್ಲಿ ಆರು ಸೆಕೆಂಡು. ಸ್ವಿಚ್ ಬದಲಿಸಿದರೂ ನಿಧಾನ ಅನ್ನಿಸಿದರೆ ಕೇಬಲ್ಲಿನ ಎಂಟೂ ಎಳೆ ಜೋಡಿಸಿದ್ದಾರೋ ನೋಡಿ. ನಾಲ್ಕೇ ಎಳೆ ಹಾಕಿದ ಕೇಬಲ್ 100ಕ್ಕೇ ನಿಲ್ಲುತ್ತದೆ. ನಿಧಾನವಾದರೆ ಹುಡುಗರು ಫೈಲನ್ನು ತಮ್ಮ ಡೆಸ್ಕ್‌ಟಾಪಿಗೆ ಹಾಕಿಕೊಂಡು ಅಲ್ಲೇ ಕೆಲಸ ಮಾಡತೊಡಗುತ್ತಾರೆ. ಅಲ್ಲಿಗೆ ನ್ಯಾಸ್ ಖಾಲಿ ಪೆಟ್ಟಿಗೆ.

ಮಗ ಹೇಳಿದ್ದು ತಪ್ಪಲ್ಲ. ಹಳೇ ಕಂಪ್ಯೂಟರಿಗೆ ಟ್ರೂನ್ಯಾಸ್ ಅಥವಾ ಓಪನ್‌ಮೀಡಿಯಾವಾಲ್ಟ್ ಹಾಕಬಹುದು, ತಂತ್ರಾಂಶ ಉಚಿತ, ಝಡ್‌ಎಫ್‌ಎಸ್ ಗಟ್ಟಿ. ಟ್ರೂನ್ಯಾಸಿಗೆ ಕನಿಷ್ಠ 8 ಜಿಬಿ ರ್‍ಯಾಮ್ ಬೇಕು. ಆದರೆ ಎರಡು ಬೇ ಪೆಟ್ಟಿಗೆಗಿಂತ 70 ವಾಟ್ ಹೆಚ್ಚು ಎಳೆದರೂ ವರ್ಷಕ್ಕೆ 600 ಯೂನಿಟ್ ಮೀರುತ್ತದೆ, ಮಗ ಊರಲ್ಲಿಲ್ಲದ ದಿನ ಕೆಟ್ಟರೆ ಮುಟ್ಟುವವರಿಲ್ಲ. ಅವನಿಗೆ ಆಸಕ್ತಿ ಇದ್ದರೆ ಅದೇ ಕಂಪ್ಯೂಟರನ್ನು ಮನೆಯಲ್ಲಿಟ್ಟು ವಾರಕ್ಕೊಮ್ಮೆ ಆನ್ ಮಾಡಿ ನ್ಯಾಸಿನ ಇನ್ನೊಂದು ಪ್ರತಿ ಎಳೆದುಕೊಳ್ಳಲು ಬಳಸಲಿ.

ತಿಂಗಳಿಗೊಮ್ಮೆ ಯುಎಸ್‌ಬಿ ಡಿಸ್ಕಿನಿಂದ ಯಾವುದಾದರೂ ನಾಲ್ಕೈದು ವರ್ಷ ಹಿಂದಿನ ಕಾರ್ಡು ಹೊರತೆಗೆದು ಕೋರಲ್‌ನಲ್ಲಿ ತೆರೆದು ನೋಡಿ, ಅಕ್ಷರ ಸರಿ ಬಂತೇ ಎಂದು. ಹಾಗೇ ಟ್ಯಾಲಿ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ ನಿನ್ನೆಯ ಕೊನೆಯ ವೋಚರ್ ಇದೆಯೇ ನೋಡಿ. ವೈರಸ್ ಬಂದೇಬಿಟ್ಟರೆ ಮೊದಲು ಎಲ್ಲ ಲ್ಯಾನ್ ಕೇಬಲ್ ಕೀಳಿ. ಗಾಬರಿಯಲ್ಲಿ ಯುಎಸ್‌ಬಿ ಡಿಸ್ಕು ಚುಚ್ಚಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ ತಿಳಿಸಬೇಕು ಎಂಬ ನಿಯಮ 2022ರಿಂದ ಇದೆ. ವೈರಸ್ ಬಂದ ಕಂಪ್ಯೂಟರ್ ಯಾವುದು ಎಂದು ಗೊತ್ತಾಗಿ, ಅದಕ್ಕೆ ಹೊಸದಾಗಿ ವಿಂಡೋಸ್ ಹಾಕಿದ ಮೇಲೆಯೇ ಸ್ನ್ಯಾಪ್‌ಶಾಟಿನಿಂದ ವಾಪಸ್ ತನ್ನಿ.

ಡೀಲರಿಗೆ ಕೊಟೇಶನ್ ತಿದ್ದಿಕೊಡಲು ಹೇಳಿ: ಸ್ನ್ಯಾಪ್‌ಶಾಟ್ ಇರುವ ಎರಡು ಬೇ ಮಾದರಿ, 8 ಟಿಬಿಯ ಎರಡು ನ್ಯಾಸ್ ಡಿಸ್ಕು, 4 ಟಿಬಿಯ ಎರಡು ಯುಎಸ್‌ಬಿ ಡಿಸ್ಕು, ಯುಪಿಎಸ್, ಗಿಗಾಬಿಟ್ ಸ್ವಿಚ್. ಪೋರ್ಟ್ ತೆರೆಯುವ ಸಾಲು ತೆಗೆಯಲಿ. ಒಟ್ಟಿಗೆ ದುಡ್ಡು ಹೊಂದದಿದ್ದರೆ ಯುಎಸ್‌ಬಿ ಡಿಸ್ಕುಗಳನ್ನು ಈ ವಾರವೇ ತಂದು ಡಿ ಡ್ರೈವಿನ ಪ್ರತಿ ತೆಗೆಯಿರಿ, ಪೆಟ್ಟಿಗೆ ಮುಂದಿನ ತಿಂಗಳು ಬರಲಿ. ಹೊಸದಕ್ಕೆ ಎಲ್ಲ ಸಾಗಿಸಿದ ಮೇಲೆ ಈಗಿನ ಹಳೇ ಎಕ್ಸ್‌ಟರ್ನಲ್ ಡಿಸ್ಕುಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಹಚ್ಚಬೇಡಿ. ಮೂರು ತಿಂಗಳು ಹಾಗೇ ಎತ್ತಿಡಿ. ಕಾಪಿ ಆಗುವಾಗ ಉದ್ದದ ಹೆಸರಿನ ಫೈಲುಗಳು ಬಿಟ್ಟುಹೋಗಿರುವುದು ಗೊತ್ತಾಗುವುದು ಗಿರಾಕಿ ಹಳೇ ಕೆಲಸ ಕೇಳಿಕೊಂಡು ಬಂದ ದಿನವೇ.